ನೆತ್ತಿ ಬಲಿಯುವವರೆಗೆ

ಮೊಮ್ಮಗಳು ಪುಸ್ತಕ ಹಿಡಿದುಕೊಂಡು ಬಂದು, "ಅಜ್ಜೀ, ಬಲಿಯೂದು ಅಂದ್ರ ಏನು? ಅರ್ಥ ಬರೀಬೇಕಂತ" ಎಂದಳು. "ಬೆಳೆಯುವುದು ಅಂತ ಬರಿ" ಎಂದೆ. ಬರೆದುಕೊಂಡು ಹೋದಳು. ಮೇಷ್ಟ್ರು ಸರಿ ಎಂದು ಗೀಟು ಹಾಕಿ ಕೊಟ್ಟರಂತೆ. ಅವರಿಗೂ ಗೊತ್ತಿಲ್ಲ, ನಾನೂ ಅವಸರದಲ್ಲಿ ತಪ್ಪು ಹೇಳಿದೆ.

ಬೆಳೆಯುವುದು ಬೇರೆ, ಬಲಿಯುವುದು ಬೇರೆ. ಬೆಳೆಯುವುದು ಕಣ್ಣಿಗೆ ಕಾಣುತ್ತದೆ. ಸೋರೆಕಾಯಿ ಎಂಟು ದಿನದಲ್ಲಿ ಮೊಣಕೈ ಉದ್ದ ಆಗುತ್ತದೆ. ಅದು ಬೆಳೆದದ್ದು. ಅದರ ಮೇಲೆ ಉಗುರು ಊರಿ ನೋಡಿ, ಒಳಗೆ ಹೋಗುತ್ತದೆ. ಹಾಗೇ ಬಳ್ಳಿಯಲ್ಲಿ ಬಿಟ್ಟರೆ ಆಮೇಲೆ ಉದ್ದ ಆಗುವುದಿಲ್ಲ, ದಪ್ಪ ಆಗುವುದಿಲ್ಲ, ಆದರೆ ಒಂದು ದಿನ ಉಗುರು ಊರಿದರೆ ಉಗುರೇ ಮುರಿಯುತ್ತದೆ. ಆ ನಡುವಿನ ದಿನಗಳಲ್ಲಿ ಒಳಗೆ ಆದದ್ದು ಬಲಿಯುವುದು. ಯಾವ ದಿನ ಆಯಿತು ಎಂದು ಯಾರನ್ನು ಕೇಳಿದರೂ ಹೇಳಲಾರರು. ಜೋಳದ ಕಾಳು ಮೊದಲು ಹಾಲು, ಆಮೇಲೆ ಸುಟ್ಟು ತಿನ್ನುವ ಎಳೆ ಸೀತನಿ, ಆಮೇಲೆ ಬಲಿತು ಹಲ್ಲಿಗೆ ಕಟ್ ಎನ್ನುತ್ತದೆ. ಎಲುಬು ಬಲಿಯುತ್ತದೆ. ಜಗಳ ಬಲಿಯುತ್ತದೆ, ರೋಗವೂ ಬಲಿಯುತ್ತದೆ. ಬೆಂಡೆಕಾಯಿ ಬಲಿತರೆ ನಾರಾಗುತ್ತದೆ, ದನವೂ ಮೂಸುವುದಿಲ್ಲ. ಹಾಗಾಗಿ ಬಲಿಯುವುದೆಲ್ಲ ಒಳ್ಳೆಯದು ಎಂದೇನೂ ತಿಳಿಯಬೇಡಿ.

ನಾನು ಕಲಿತದ್ದು ಮೂರನೇ ತರಗತಿ. ಈ ಶಬ್ದ ನನಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ, ಬಚ್ಚಲಲ್ಲಿ ಸಿಕ್ಕಿದ್ದು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು ಇರಬಹುದು, ಹುಟ್ಟಿದ ದಿನ ಬರೆದಿಟ್ಟವರಿಲ್ಲ. ಮೊದಲ ಹೆರಿಗೆಗೆ ತವರಿಗೆ ಬಂದಿದ್ದೆ.

ತವರು ಮಾನ್ವಿ. ಅಪ್ಪ ನಾನು ಚಿಕ್ಕವಳಿರುವಾಗಲೇ ಸತ್ತಿದ್ದ. ಮನೆಯಲ್ಲಿ ಅವ್ವ ಒಬ್ಬಳೇ. ಊರ ಹೊರಗೆ ಎರಡೆಕರೆ ಹೊಲ ಇತ್ತು, ಅದನ್ನು ಪಾಲಿಗೆ ಕೊಟ್ಟು ತಾನು ಮಂದಿಯ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ಗಂಡನ ಮನೆ ದೇವದುರ್ಗ ತಾಲೂಕಿನಲ್ಲಿ, ಅರಕೇರಾದಲ್ಲಿ ಬಸ್ಸು ಇಳಿದು ಬಂಡಿಯಲ್ಲಿ ಒಂದು ತಾಸಿನ ಹಾದಿ. ಅಲ್ಲಿ ಹನ್ನೊಂದು ಜನ. ಹನ್ನೊಂದು ಜನಕ್ಕೆ ಎರಡು ಹೊತ್ತು ರೊಟ್ಟಿ ಬಡಿದರೆ ತೋಳು ಯಾರದೋ ಅನ್ನಿಸುತ್ತದೆ. ಅವರು ಕೆಟ್ಟವರಲ್ಲ. ಕೆಲಸ ಕೆಟ್ಟದ್ದು. ಕೋಳಿ ಕೂಗುವ ಮೊದಲು ಅತ್ತೆ "ಏಳು" ಎನ್ನುತ್ತಿದ್ದರು. ಮದುವೆಯಾದ ಮೂರು ವರ್ಷದಲ್ಲಿ ಆ "ಏಳು" ಕೇಳದ ಬೆಳಗು ನನಗೆ ನೆನಪಿಲ್ಲ. ಹಬ್ಬಕ್ಕೆ ಮಾನ್ವಿಗೆ ಬಂದರೂ ಎರಡು ದಿನ, ಮೂರನೆಯ ದಿನ ಬಸ್ಸು.

ಕಾರಹುಣ್ಣಿಮೆಯ ದಿನ ನನ್ನ ಮಗಳು ಹುಟ್ಟಿದಳು. ಹೆರಿಗೆ ಮಾಡಿಸಿದವಳು ನಮ್ಮ ಓಣಿಯ ಖಾಲಾ. ಮುಸಲ್ಮಾನರ ಹೆಣ್ಣುಮಗಳು, ಗಂಡ ಸಂತೆಯಲ್ಲಿ ಬಳೆ ಮಾರುತ್ತಿದ್ದ. ಅವಳು ಮನೆಯಲ್ಲಿ ದಖನಿ ಆಡುತ್ತಿದ್ದಳು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಓಣಿಯ ಎಲ್ಲ ಜಾತಿಯ ಕೂಸುಗಳೂ ಅವಳ ಕೈಯಲ್ಲೇ ಹೊರಗೆ ಬಂದಿದ್ದವು. ಹೆರಿಗೆಯಾದ ಮೇಲೆ ಕೂಸಿಗೂ ಬಾಣಂತಿಗೂ ದಿನಾ ಎರೆಯಲು ಅವಳೇ ಬರುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಉದ್ದಕ್ಕೆ ಮಲಗಿಸಿ, ಔಡಲೆಣ್ಣೆ ಸವರಿ, ಹೊಗೆಯಾಡುವ ನೀರು ಹೊಯ್ಯುತ್ತಿದ್ದಳು. ಕೂಸು ಮೊದಲು ಚೀರಿ ಆಮೇಲೆ ಸುಮ್ಮನಾಗಿ, ಎರೆಯುವುದು ಮುಗಿಯುವಷ್ಟರಲ್ಲಿ ಅಲ್ಲೇ ನಿದ್ದೆ ಹೋಗುತ್ತಿತ್ತು. ಕೊನೆಗೆ ನೆತ್ತಿಗೆ ಒಂದು ಹಿಡಿ ಎಣ್ಣೆ ತಟ್ಟಿ, ತನ್ನ ಬೆರಳು ಅಲ್ಲಿ ಇಟ್ಟು ಅಳತೆ ನೋಡುತ್ತಿದ್ದಳು. ಹುಟ್ಟಿದಾಗ ಎರಡು ಬೆರಳಗಲ ಮೆತ್ತಗೆ ಇತ್ತು. ಅಲ್ಲಿ ಕೈ ಇಟ್ಟರೆ ಕಪ್ಪೆಯ ಗಂಟಲಿನ ಹಾಗೆ ಡುಬು ಡುಬು ಎನ್ನುತ್ತಿತ್ತು. ನನಗೆ ಮುಟ್ಟಲು ಹೆದರಿಕೆ.

"ಅಂಜಬ್ಯಾಡ ಬೇಟಿ. ಇದು ಕಿಡಕಿ. ಮೆಲ್ಲಕ ಬಲಿತು ತಾನ ಮುಚ್ಕೋತದ."

"ಯಾವಾಗ ಖಾಲಾ?"

"ನೀನು ನೋಡ್ಕೋತ ಕುಂತ್ರ ಮುಚ್ಚಂಗಿಲ್ಲ."

ಪೂರ ಮುಚ್ಚಲು ವರ್ಷ, ವರ್ಷದ ಮೇಲೂ ಬೇಕು ಎಂದು ಈಗ ಡಾಕ್ಟರು ಹೇಳುತ್ತಾರೆ. ಖಾಲಾನ ಅಳತೆ ಬೇರೆ ಇತ್ತು. ಎರಡು ಬೆರಳು ಇದ್ದದ್ದು ಒಂದು ಬೆರಳಿಗೆ ಬಂದರೆ, ಒತ್ತಿದರೆ ಅಂಚು ಬಗ್ಗದಿದ್ದರೆ, ಬಲಿತ ಹಾಗೆ. ಆಗ ಕೂಸು ಹಾದಿ ನಡೆಯಬಹುದು, ಅಂದರೆ ಬಸ್ಸಿನಲ್ಲಿ ಬಂಡಿಯಲ್ಲಿ ಕುಲುಕಾಡಬಹುದು.

ಇದು ನನ್ನ ಅತ್ತೆಗೆ ದೊಡ್ಡ ವಿಷಯ. ಅವರ ಮನೆಯಲ್ಲಿ ಹಿಂದೆ ಒಂದು ಎಳೆ ಕೂಸು ಬಂಡಿಯ ಹಾದಿಯಲ್ಲಿ ತೀರಿಕೊಂಡಿತ್ತಂತೆ. ತೊಟ್ಟಿಲಿಗೆ ಹಾಕುವ ದಿನ ಬಂದವರು, ಉಂಡು, ಎಲೆಅಡಿಕೆ ಹಾಕಿಕೊಂಡು, ಎಲ್ಲರೆದುರಿಗೆ ಅವ್ವನಿಗೆ ಹೇಳಿದರು.

"ನೋಡ್ರಿ ಬೀಗತೇರ, ಐದರಾಗ ನನ್ನ ಮಗನ್ನ ಕಳಸ್ತೀನಿ. ನೆತ್ತಿ ಬಲಿತಿದ್ರ ಕೊಟ್ಟು ಕಳಸ್ರಿ. ಬಲಿತಿಲ್ಲಂದ್ರ ಬ್ಯಾಡ, ಏಳರಾಗ ನೋಡೂಣು. ಎಲ್ಲಮ್ಮನ ಆಣಿ, ಹಸಿ ನೆತ್ತಿ ಕೂಸು ನಮ್ಮ ಬಂಡಿ ಹತ್ತಬಾರ್ದು."

ಐದು ಬಿಟ್ಟರೆ ಏಳು ಯಾಕೆಂದರೆ ನಮ್ಮಲ್ಲಿ ಬಾಣಂತಿ ಸರಿ ತಿಂಗಳಲ್ಲಿ ತವರಿನ ಹೊಸ್ತಿಲು ದಾಟುವುದಿಲ್ಲ. ನಾಲ್ಕರಲ್ಲಿ ಇಲ್ಲ, ಆರರಲ್ಲಿ ಇಲ್ಲ. ಆ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಐದನೆಯ ತಿಂಗಳು ಪೂರ ನೆತ್ತಿ ಬಲಿಯದಿದ್ದರೆ ಆರು ತಾನಾಗಿ ಸಿಗುತ್ತದೆ. ಏಳರ ಕೊನೆಯ ದಿನದವರೆಗೂ ಎಳೆದರೆ ಬನದ ಹುಣ್ಣಿಮೆ. ಅಷ್ಟು ದಿನ ಅವ್ವನ ಹತ್ತಿರ ಇರಬಹುದು. ಆಗ ನನಗೆ ಬೇಕಾಗಿದ್ದದ್ದು ಇದೊಂದೇ.

ಅವ್ವನ ಹತ್ತಿರ ಏನು ಸ್ವರ್ಗ ಇತ್ತು ಎಂದು ಕೇಳಬಹುದು. ಏನೂ ಇರಲಿಲ್ಲ. ಒಂದು ಕೋಣೆಯ ಮಣ್ಣಿನ ಮಾಳಿಗೆ. ನಾನು ಮಲಗುವ ಹೊರಸಿನ ಕೆಳಗೆ ಕೆಂಡದ ಮಡಿಕೆ, ಕಣ್ಣಿಗೆ ಹೊಗೆ. ಬಿಸಿ ರೊಟ್ಟಿ, ಬೆಳ್ಳುಳ್ಳಿ ಖಾರ, ಅಂಟಿನುಂಡಿ. ಅವ್ವ ಕೂಲಿ ಬಿಟ್ಟು ಮನೆಯಲ್ಲೇ ಇದ್ದಳು. ನಾನು ಮಲಗಿರುತ್ತಿದ್ದೆ, ಅವಳು ತೊಟ್ಟಿಲು ತೂಗುತ್ತ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಎದ್ದಾಗ ಬಿಸಿಲು ಅಂಗಳದ ಆಚೆ ಗೋಡೆಗೆ ಹೋಗಿರುತ್ತಿತ್ತು. ಯಾರೂ "ಏಳು" ಎಂದಿರುತ್ತಿರಲಿಲ್ಲ. ನನ್ನ ಜೀವನದಲ್ಲಿ ನನಗೆ ಮತ್ತೆ ಬೇಕು ಅನ್ನಿಸುವುದು ಬಂಗಾರ ಅಲ್ಲ, ಸೀರೆ ಅಲ್ಲ, ಆ ಮೊರದ ಸದ್ದಿನ ನಿದ್ದೆ.

ಅವ್ವನ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮೆತ್ತನೆಯ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ.

"ಏಳು ತಿಂಗಳ ಎಮ್ಮಿ ಕಟ್ಟಿದಂಗ ಆಗೇದ ನನಗ. ತಿನ್ನೂದು, ಮಲಗೂದು."

"ಇನ್ನಾ ಮೂರ ತಿಂಗಳಾಗ್ಯಾದ ಯವ್ವಾ."

"ಮೂರು ಅಂದ್ರ ಕಡಿಮಿ ಏನು? ಕಟ್ಟಿಗಿ ಒಲಿಗಿಂತ ಬಚ್ಚಲಕ್ಕ ಜಾಸ್ತಿ ಹೊಂಟಾವ. ಯಾವಾಗ ಬಲಿತದೋ ಇದರ ನೆತ್ತಿ!"

ಹೀಗೆ ಬೈಯುತ್ತಲೇ ನನ್ನ ತಲೆ ಬಾಚುತ್ತಿದ್ದಳು. ಬಾಚಣಿಗೆ ಎಳೆಯುವುದೂ ಬೈಗಳದ ಹಾಗೇ ಇರುತ್ತಿತ್ತು.

ನಾಲ್ಕನೆಯ ತಿಂಗಳು ಮುಗಿಯುವ ಹೊತ್ತಿಗೆ ನಾನು ಖಾಲಾನನ್ನು ಬಚ್ಚಲಲ್ಲೇ ಹಿಡಿದೆ. ಅವ್ವ ನೀರಿಗೆ ಹೋಗಿದ್ದಳು. ಖಾಲಾ ಕೂಸಿನ ನೆತ್ತಿಯ ಮೇಲೆ ಬೆರಳಿಟ್ಟಿದ್ದಳು.

"ಖಾಲಾ, ಎಷ್ಟದ?"

"ಯಾಕ, ಗಂಡನ ನೆನಪು ಆಗಾಕತ್ತದೇನು?"

"ಅದಲ್ಲ. ನಮ್ಮ ಮನಿಯವರು ಬಂದು ಕೇಳಿದ್ರ ಇನ್ನಾ ಬಲಿತಿಲ್ಲ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

ಖಾಲಾ ನನ್ನ ಮುಖ ನೋಡಿದಳು. ಬಾಯಿತುಂಬ ಎಲೆಅಡಿಕೆ ಇತ್ತು, ಅದನ್ನು ಉಗುಳಿ ಬಂದು ಹೇಳಿದಳು.

"ನಕ್ಕೋ ಬೇಟಿ, ಅದು ಆಗಂಗಿಲ್ಲ. ನಲವತ್ತು ವರ್ಷ ಆತು ಈ ಬೆರಳಿಗೆ. ಒಮ್ಮಿನೂ ಸುಳ್ಳ ಹೇಳಿಲ್ಲ. ನಿನಗ ಆಟ ಅನಸ್ತದ."

ನನಗೆ ಅಳು ಬಂತು. ಅಳಲಿಲ್ಲ. ಸೀರೆಯ ಸೆರಗಿನಿಂದ ಕೂಸನ್ನು ಒರೆಸಿ ಒಳಗೆ ಬಂದೆ. ಆವತ್ತು ಇಡೀ ದಿನ ಖಾಲಾನನ್ನು ಮನಸ್ಸಿನಲ್ಲೇ ಬೈದೆ.

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ನನ್ನ ಗಂಡ ಬಂದರು. ಐದನೆಯ ತಿಂಗಳು ಅರ್ಧ ದಾಟಿತ್ತು. ಹೊಸ ಪಟಕಾ ಸುತ್ತಿಕೊಂಡಿದ್ದರು, ಕೂಸಿಗೆ ಒಂದು ಗಿಲಿಗಿಲಿ ತಂದಿದ್ದರು. ಅವ್ವ ಚಾಪೆ ಹಾಸಿ, "ಬರ್ರಿ, ಕುಂದ್ರಿ" ಎಂದಳು. ಆಮೇಲೆ ಖಾಲಾನನ್ನು ಕರೆಯಲು ಹೋದಳು. ಖಾಲಾ ಬಂದು ಅವರೆದುರಿಗೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೆತ್ತಿ ಮುಟ್ಟಿದಳು. ಕಣ್ಣು ಮುಚ್ಚಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಬೆರಳು ಅಲ್ಲಿ ಎಷ್ಟು ಹೊತ್ತು ಇತ್ತೋ!

"ಕಚ್ಚಾ ಅದ ಯಪ್ಪಾ."

"ಕಚ್ಚಾ ಅಂದ್ರ?"

"ಹಸಿ. ಒಂದೂವರಿ ಬೆರಳದ. ಬಂಡ್ಯಾಗ ಕುಲುಕಿದ್ರ ನಾ ಜಿಮ್ಮೇದಾರ್ ಅಲ್ಲ. ಒಯ್ತೀನಿ ಅಂದ್ರ ಒಯ್ಯಿ, ನಿಮ್ಮವ್ವಗ ನೀನ ಜವಾಬ್ ಕೊಡು."

ಅತ್ತೆಗೆ ಜವಾಬು ಕೊಡುವ ಗಂಡಸು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನ್ನ ಗಂಡ ಗಿಲಿಗಿಲಿಯನ್ನು ಎರಡು ಸಲ ಅಲ್ಲಾಡಿಸಿ, ರೊಟ್ಟಿ ಉಂಡು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಹೋಗುವಾಗ, "ಹೊಸ್ತಿಲ ಹುಣ್ಣಿಮಿ ದಾಟಿದ್ರ ಏಳು ಹತ್ತತದ. ಎಳ್ಳಮಾಸಿ ಹಬ್ಬ ಮುಗಿಸ್ಕೊಂಡು ಸಾವಕಾಶ ಬರ್ತೀವಿ, ಬನದ ಹುಣ್ಣಿಮಿ ಒಳಗ" ಎಂದರು. ನಾನು ನಕ್ಕದ್ದು ಕಾಣಬಾರದೆಂದು ಕೂಸಿನ ಮೈಯಲ್ಲಿ ಮುಖ ಹುದುಗಿಸಿದೆ. ಖಾಲಾ ನನಗಾಗಿ ನಲವತ್ತು ವರ್ಷದ ನೇಮ ಮುರಿದಳು ಎಂದುಕೊಂಡೆ. ಮರುದಿನ ಬಚ್ಚಲಲ್ಲಿ ಅವಳ ಕೈ ಹಿಡಿದುಕೊಂಡರೆ ಕೈ ಬಿಡಿಸಿಕೊಂಡಳು. "ಛೋಡ್, ಎಣ್ಣಿ ಕೈ ಅದ" ಎಂದಳು.

ಆ ಆರನೆಯ ತಿಂಗಳು ನನ್ನದು. ಯಾರೂ ಕಸಿಯಲಾರದ ತಿಂಗಳು. ಚಳಿ ಬಿದ್ದಿತ್ತು. ಕೂಸು ಮಗ್ಗುಲಾಗುವುದನ್ನು ಕಲಿತಿತ್ತು. ಅವ್ವ ಅದನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಹೋಗಿ, "ಏ ಗುಬ್ಬಿ, ಏ ಕಳ್ಳಿ" ಎಂದು ಅದರ ಜೊತೆ ಮಾತಾಡುತ್ತಿದ್ದಳು. ನನ್ನ ಜೊತೆ ಆಡದ ಮಾತೆಲ್ಲ ಅದರ ಜೊತೆ. ಒಮ್ಮೆ ನಾನು ಒಳಗಿನಿಂದ ಕೇಳಿಸಿಕೊಂಡೆ. "ಎಳ್ಳಮಾಸಿಗೆ ನಿನ್ನ ಹೊಲಕ್ಕ ಕರಕೊಂಡು ಹೋಗ್ತೀನಿ ಬೇ. ಜ್ವಾಳದಾಗ ಕುಂದ್ರಸ್ತೀನಿ. ಸಜ್ಜಿ ಕಡಬು ತಿನ್ನೂಣು" ಎನ್ನುತ್ತಿದ್ದಳು. ಹಲ್ಲೇ ಬರದ ಕೂಸಿಗೆ ಸಜ್ಜೆ ಕಡಬು!

ಆದರೆ ನನ್ನ ಮುಖ ಕಂಡರೆ ಮತ್ತೆ ಅದೇ ರಾಗ. ದಿನ ಹೋದ ಹಾಗೆ ಅವಳ ಗೊಣಗಾಟ ಹೆಚ್ಚೇ ಆಯಿತು. ಕಟ್ಟಿಗೆ ಮುಗಿಯಿತು, ಎಣ್ಣೆ ಮುಗಿಯಿತು, ಸೊಂಟ ಹೋಯಿತು. ನಾನೂ ಕಣ್ಣು ಬಿಟ್ಟು ನೋಡಿದೆ. ಹೌದು, ಅವಳು ಸೊರಗಿದ್ದಳು. ಎರಡು ಹೊತ್ತು ಹಂಡೆ ತುಂಬ ನೀರು ಸೇದಿ ಹೊತ್ತು ತರುತ್ತಿದ್ದಳು, ಕೊರಳಿನ ನರ ಉಬ್ಬುತ್ತಿತ್ತು. ನಾನು ಕೊಡ ಮುಟ್ಟಲು ಹೋದರೆ, "ಬಾಣಂತಿ ನೀರು ಹೊತ್ರ ನಾಳೆ ನಿನ್ನ ಅತ್ತಿ ನನಗ ಬೈತಾಳ" ಎಂದು ಕಸಿದುಕೊಳ್ಳುತ್ತಿದ್ದಳು. ಹಾಗೆ ನನ್ನೊಳಗೆ ಒಂದು ಮಾತು ನಿಧಾನ ಬಲಿಯತೊಡಗಿತು. ಇವಳಿಗೆ ನಾನು ಸಾಕಾಗಿದ್ದೇನೆ, ಬಾಯಿಬಿಟ್ಟು ಹೋಗು ಎನ್ನಲಾರಳು, ಅದಕ್ಕೆ ಹೀಗೆ ಅನ್ನುತ್ತಾಳೆ ಎಂದು. ಮೊದಲು ಹಾಲುಗಾಳಿನ ಹಾಗೆ ಇತ್ತು. ಒತ್ತಿದರೆ ಒಡೆದು ಹೋಗುತ್ತಿತ್ತು.

ಒಂದು ದಿನ ಎದುರು ಮನೆಯವಳು ಅಂಗಳಕ್ಕೆ ಬಂದಳು. ಅವಳಿಗೆ ಮಂದಿಯ ಮನೆಯ ಒಲೆ ಇಣುಕುವ ಚಟ.

"ಏನ್ ಬೇ, ಮಗಳು ಇಲ್ಲೇ ಉಳದ್ಲೇನು? ಕಾರಹುಣ್ಣಿಮಿಗೆ ಹಡದಾಕಿ, ಹೊಸ್ತಿಲ ಹುಣ್ಣಿಮಿ ಬಂತು. ಗಂಡನ ಮನ್ಯಾಗ ಬಿಟ್ಟಾರೋ ಏನೋ ಅಂತ ಮಂದಿ ಅನ್ನಾಕತ್ಯಾರ."

ಅವ್ವ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿಗೆ ಬಟ್ಟೆ ಬಡಿದು ಜೋರಾಗಿ ಅಂದಳು.

"ಯಾರಿಗೆ ಬೇಕಾಗೇದವ್ವ ಇಲ್ಲಿ? ಇದರ ಅರಿವಿ ಒಗದು ಒಗದು ನನ್ನ ಕೈ ಹೋದ್ವು. ನಾಳೆ ಹೋದ್ರ ನಾಳೆನ ನಾ ಕಳೇಕ ಹೋಗ್ತೀನಿ. ಯಾವಾಗ ತೊಲಗ್ತದೋ ಅಂತ ದಾರಿ ಕಾಯಾಕತ್ತೀನಿ."

ನಾನು ಒಳಗೆ ಮಲಗಿದ್ದೆ, ಎದ್ದು ಕೂತೆ. ಒಳಗಿದ್ದ ಕಾಳು ಆಗ ಗಟ್ಟಿಯಾಯಿತು.

ಆ ದಿನವೇ ನನ್ನ ಗಂಡನ ಊರಿನ ಒಬ್ಬರು ಎತ್ತು ನೋಡಲು ಮಾನ್ವಿಗೆ ಬಂದಿದ್ದರು, ಮನೆಗೆ ಬಂದು ಕೂಸನ್ನು ನೋಡಿಕೊಂಡು ಹೋದರು. ಅವ್ವ ನೀರಿಗೆ ಹೋದಾಗ ಅವರ ಹತ್ತಿರ ನಾನು ಹೇಳಿ ಕಳಿಸಿದೆ. ನೆತ್ತಿ ಬಲಿತಿದೆ, ಹುಣ್ಣಿಮೆಯ ಮರುದಿನವೇ ಬಂದು ಕರೆದುಕೊಂಡು ಹೋಗಿ, ಎಳ್ಳಮಾಸಿಗೆ ಕಾಯಬೇಡಿ ಎಂದು. ಯಾರನ್ನೂ ಕೇಳಲಿಲ್ಲ. ಖಾಲಾನಿಗೂ ಹೇಳಲಿಲ್ಲ. ಸಿಟ್ಟಿನಲ್ಲಿ ಮಾಡಿದ ಕೆಲಸ, ಆದರೆ ಸಿಟ್ಟು ಎಂದು ಆಗ ತಿಳಿಯಲಿಲ್ಲ. ಅವ್ವನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಹೊಸ್ತಿಲ ಹುಣ್ಣಿಮೆಯ ಮರುದಿನ, ಏಳನೆಯ ತಿಂಗಳ ಮೊದಲ ದಿನ, ಗಂಡ ಬಂದು ನಿಂತರು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಇಷ್ಟು ಜಲ್ದಿ ಬಂದ್ರಿ?"

"ಇಕಿನ ಹೇಳಿ ಕಳಸಿದ್ಲಲ್ರೀ, ಬಲಿತದ ಅಂತ."

ಅವ್ವ ನನ್ನ ಕಡೆ ನೋಡಿದಳು. ಕೈಯಲ್ಲಿನ ಹಿಟ್ಟು ನಾದುವ ಕೊಣಮಿಗೆಗೆ ಬಿತ್ತು. ಅದನ್ನು ಮತ್ತೆ ಕೂಡಿಸಿ, ನಾದಿ, ಬಡಿದು, ಹಂಚಿಗೆ ಹಾಕಿದಳು. ನೀರು ಸವರಿದಳು. ರೊಟ್ಟಿ ಉಬ್ಬಿತು. ಆಮೇಲೆ, "ಛಲೋ ಆತು" ಎಂದಳು. ಅಷ್ಟೇ.

ಬುತ್ತಿ ಕಟ್ಟಿದಳು. ಮಡಿಲು ತುಂಬಿದಳು. ಬಸ್ಸಿನವರೆಗೆ ಕೂಸನ್ನು ತಾನೇ ಎತ್ತಿಕೊಂಡು ಬಂದಳು. ನಾನು "ಬರ್ತೀನಿ ಯವ್ವಾ" ಎಂದೆ. "ಬಾ" ಎಂದಳು. ನಮ್ಮಲ್ಲಿ ಹೋಗುವವರಿಗೆ ಹಾಗೆಯೇ ಅನ್ನುವುದು, ಹೋಗು ಎನ್ನುವುದಿಲ್ಲ. ಅದರಲ್ಲಿ ನನಗೆ ವಿಶೇಷ ಏನೂ ಕಾಣಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೂಸಿನ ತಲೆ ನೋಡಿದೆ. ಅವ್ವ ನೆತ್ತಿಗೆ ಎಷ್ಟು ಎಣ್ಣೆ ಒತ್ತಿದ್ದಳೆಂದರೆ ಹಣೆಗೆ ಇಳಿದು ಕಾಡಿಗೆಯೆಲ್ಲ ಹರಡಿತ್ತು.

ಮರುವರ್ಷ ಮುಂಗಾರಿಗೆ ಅವ್ವ ಸತ್ತಳು. ಜ್ವರ ಬಂದು ಐದು ದಿನ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಎರಡನೆಯ ಹೆರಿಗೆಗೆ ನಾನು ಎಲ್ಲಿಗೂ ಹೋಗಲಿಲ್ಲ, ಹೋಗಲು ಮನೆ ಇರಲಿಲ್ಲ. ಹಡೆದು ಹನ್ನೆರಡನೆಯ ದಿನಕ್ಕೆ ಹನ್ನೊಂದು ಜನದ ರೊಟ್ಟಿ ಬಡಿದೆ.

ಆಮೇಲೆ ಗಂಡನ ಮನೆಯ ಹೊಲ ಪಾಲಾಯಿತು. ನಾವು ರಾಯಚೂರಿಗೆ ಬಂದೆವು. ಗಂಡ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ ಹಮಾಲಿ, ನಾನು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವುದು. ಎಂಬತ್ತರ ದಶಕದ ನಡುವಿನ ಮಾತು, ಮಗಳಿಗೆ ಹದಿಮೂರೋ ಹದಿನಾಲ್ಕೋ. ಅವಳಿಗೆ ಹಬ್ಬಕ್ಕೆ ಬಳೆ ತೊಡಿಸಲು ಪೇಟೆಯ ತೀನ್ ಕಂದೀಲ್ ಕಡೆ ಹೋಗಿದ್ದೆ. ಒಂದು ಬಳೆ ಅಂಗಡಿಯ ಕಟ್ಟೆಯ ಮೇಲೆ ಮುದುಕಿ ಕೂತಿದ್ದಳು. ಕಣ್ಣಿನಲ್ಲಿ ಪೊರೆ. ಬಾಯಿಯಲ್ಲಿ ಎಲೆಅಡಿಕೆ. ದನಿ ಕೇಳಿದ ಕೂಡಲೇ ಗುರುತು ಹತ್ತಿತು.

"ಖಾಲಾ!"

"ಯಾರ್ ಬೇ ಅದು?"

"ಮಾನ್ವಿಯಾಕಿ. ಕಾರಹುಣ್ಣಿಮಿ ದಿನ ಹಡದಿದ್ದೆನಲ್ಲ. ಇದ ನೋಡು ಆ ಕೂಸು."

"ಅರೇ ಅಲ್ಲಾ! ಇಲ್ಲಿ ಬಾ, ಇಲ್ಲಿ ಬಾ." ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬೈತಲೆಯಲ್ಲಿ ಬೆರಳಾಡಿಸಿದಳು. ನಕ್ಕಳು. "ಈ ತಲಿಗೆ ನಾ ಎಷ್ಟು ಸುಳ್ಳ ಹೇಳೀನಿ! ನಾಲ್ಕ ತಿಂಗಳಿಗೆ ಕಲ್ಲಾಗಿತ್ತು ಇದು. ಇಂಥಾ ಜಲ್ದಿ ಬಲಿತ ನೆತ್ತಿ ನನ್ನ ಕೈಯಾಗ ಬಂದಿರಲಿಲ್ಲ. ಕಚ್ಚಾ ಕಚ್ಚಾ ಅಂತ ಅಂದೂ ಅಂದೂ ನನ್ನ ನಾಲಿಗಿ ಕಚ್ಚಾ ಆತು."

"ನನ್ನ ಮಾತಿಗೆ ಅಷ್ಟು ಮಾಡಿದೆಲ್ಲ ಖಾಲಾ."

"ನಿನ್ನ ಮಾತಿಗೆ?" ಖಾಲಾ ಬಾಯಿ ತೆರೆದು ನನ್ನ ದಿಕ್ಕಿಗೆ ಮುಖ ಮಾಡಿದಳು. "ನಿನ್ನ ಮಾತು ಯಾರ್ ಕೇಳ್ತಾರ ಬೇಟಿ, ಅಷ್ಟುದ್ದ ಛೋಕ್ರಿದು? ನಿಮ್ಮವ್ವ ಬಂದಿದ್ಲು. ನೀ ಕೇಳಿದ ಮ್ಯಾಲ ಎರಡ ದಿನಕ್ಕ. ನಮ್ಮ ಮನಿಗೆ ಎಂದೂ ಬಾರದಾಕಿ, ಬಂದು ಹೊಸ್ತಿಲದಾಗ ಕುಂತ್ಲು. 'ನಾ ಇರು ಅನ್ನಂಗಿಲ್ಲ. ನೀ ಬಲಿತಿಲ್ಲ ಅನ್ನು' ಅಂದ್ಲು."

ನಾನು ಕಟ್ಟೆಯ ಮೇಲೆ ಕೂತೆ.

ಇದನ್ನು ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆಯಾದ ಮಗಳಿಗೆ ತವರಿನವರು "ಇರು" ಎನ್ನುವುದಿಲ್ಲ. ಅಂದರೆ ಆ ಮಾತು ಹತ್ತುತ್ತದೆ, ಮಗಳು ಗಂಡ ಬಿಟ್ಟವಳಾಗಿ ಅಲ್ಲೇ ಉಳಿಯುತ್ತಾಳೆ ಎಂದು ಹೆದರಿಕೆ. ಒಬ್ಬಳೇ ಮಗಳು, ತಾನು ಗಂಡ ಸತ್ತವಳು, ಅವ್ವನಿಗೆ ಆ ಹೆದರಿಕೆ ಎಲ್ಲರಿಗಿಂತ ಒಂದು ಕೈ ಹೆಚ್ಚು. ನನಗೂ ಆ ಪದ್ಧತಿ ಗೊತ್ತಿತ್ತು. ಗೊತ್ತಿದ್ದೂ ಅವಳ ಗೊಣಗಾಟವನ್ನು ನಾನು ಗೊಣಗಾಟ ಎಂದೇ ತಿಳಿದೆ. ಎದುರು ಮನೆಯವಳ ದೃಷ್ಟಿ ಬೀಳಬಾರದೆಂದು ಅವಳು ಕೂಗಿ ಅಂದದ್ದನ್ನು ನನಗೇ ಅಂದಳು ಎಂದುಕೊಂಡೆ.

"ನೀ ಹೋದ ಮ್ಯಾಲ ಮತ್ತೊಮ್ಮಿ ಬಂದಿದ್ಲು," ಖಾಲಾ ತನ್ನ ಪಾಡಿಗೆ ಹೇಳುತ್ತಿದ್ದಳು. "ತಂಬಿಗಿ ತುಂಬ ಔಡಲೆಣ್ಣಿ ತಂದಿದ್ಲು. ಗಾಣದಾಗ ಹೊಸದಾಗಿ ತೆಗಸಿದ್ದು. 'ಬನದ ಹುಣ್ಣಿಮಿ ತನಕ ಕೂಸು ಇರ್ತದ ಅಂತ ತಿಳದಿದ್ದೆ. ಯಾರ ಕೂಸಿಗರ ಹಚ್ಚು' ಅಂದ್ಲು. ಊಟದ ಹೊತ್ತಿನ ತನಕ ಕುಂತ್ಲು. ನೀ ಯಾಕ ಹೋದಿ ಬೇಟಿ ಅಷ್ಟು ಜಲ್ದಿ? ಇನ್ನಾ ಒಂದು ಹುಣ್ಣಿಮಿ ಇತ್ತಲ್ಲ."

"ನನಗ ಬಲಿತದ ಅನಿಸ್ತು ಖಾಲಾ" ಎಂದೆ.

ಮಗಳಿಗೆ ಬಳೆ ತೊಡಿಸಿದೆ. ಹಸಿರು ಬೇಡ, ಕೆಂಪು ಬೇಕು ಎಂದು ಹಟ ಹಿಡಿದಳು, ಕೆಂಪೇ ತೊಡಿಸಿದೆ. ಮನೆಗೆ ಬಂದು ಅಡಿಗೆ ಮಾಡಿದೆ. ಅಳಲಿಲ್ಲ. ಆದರೆ ಆವತ್ತಿನಿಂದ ಏಳನೆಯ ತಿಂಗಳು ನನ್ನ ಬೆನ್ನು ಬಿಡಲಿಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆ. ಆ ದಿನಗಳಲ್ಲಿ ಏನೇನು ಆಗುತ್ತಿತ್ತು ಎಂದು ಹತ್ತಿ ಆರಿಸುವಾಗ ಒಂದೊಂದೇ ಮಾಡಿ ನೋಡುತ್ತಿದ್ದೆ. ಎಳ್ಳಮಾಸಿಗೆ ಹೊಲಕ್ಕೆ ಹೋಗುತ್ತಿದ್ದೆವು. ಅವ್ವ ಕೂಸನ್ನು ಜೋಳದ ಸಾಲಿನಲ್ಲಿ ಕೂರಿಸುತ್ತಿದ್ದಳು, ಕೂಸು ಪಕ್ಕಕ್ಕೆ ಉರುಳುತ್ತಿತ್ತು. ಅವ್ವ ಕಡಬು ಮುರಿದು ನನಗೆ ಕೊಡುತ್ತಿದ್ದಳು, "ತಿನ್ನೂದೊಂದು ಗೊತ್ತದ ನಿನಗ" ಎನ್ನುತ್ತಿದ್ದಳು. ನಾನು ಸಿಟ್ಟಾಗುತ್ತಿರಲಿಲ್ಲ. ಇಷ್ಟೇ. ದೊಡ್ಡದೇನೂ ಆಗುತ್ತಿರಲಿಲ್ಲ. ಆಗದೇ ಹೋದದ್ದು ಮಾತ್ರ ವರ್ಷದಿಂದ ವರ್ಷಕ್ಕೆ ಬಲಿಯುತ್ತಲೇ ಇದೆ, ಈಗ ಉಗುರು ಊರುವುದಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಗಳನ್ನು ದೇವದುರ್ಗಕ್ಕೆ ಕೊಟ್ಟೆವು. ಮೊದಲ ಹೆರಿಗೆ ರಾಯಚೂರಿನ ದವಾಖಾನೆಯಲ್ಲಿ ಆಯಿತು. ಬಾಣಂತನ ನಾನೇ ಮಾಡಿದೆ. ಐದನೆಯ ತಿಂಗಳಿಗೆ ಅಳಿಯ ಬರುವುದು ಗಟ್ಟಿಯಾಯಿತು. ಯಾರ ಬೆರಳಿನ ಅಳತೆಯೂ ಬೇಕಾಗಲಿಲ್ಲ, ಅವರ ಹಾದಿಗೆ ಪೂರ ಬಸ್ಸು ಇತ್ತು. ಹಿಂದಿನ ದಿನ ಅವಳು ಗಂಟು ಕಟ್ಟುತ್ತಿದ್ದಳು. ಓಣಿಯ ಇಬ್ಬರು ಹೆಂಗಸರು ಬಂದು ಕೂತಿದ್ದರು. ನಾನು ಅವರೆದುರಿಗೇ ಹೇಳಿದೆ.

"ಇನ್ನೆರಡು ತಿಂಗಳು ಇರು."

ಒಬ್ಬಾಕೆ ಬಾಯಿಗೆ ಕೈ ಇಟ್ಟಳು. "ಹಂಗ ಅನಬಾರ್ದು ಬಿಡ್ರಿ, ಹೆಣ್ಣುಮಗಳಿಗೆ" ಎಂದಳು.

"ಅಂದೆ. ಏನಾಗ್ತದ ಆಗ್ಲಿ. ಇರು."

ಮಗಳು ನಕ್ಕಳು. ಗಂಟು ಬಿಗಿಯುತ್ತ, "ಆಗೂದಿಲ್ಲ ಯವ್ವಾ. ಅವರಿಗೆ ಊಟದ ತ್ರಾಸ ಆಗ್ಯಾದ. ಅಲ್ಲಿ ನಳ ಬಂದಾವ, ನಿನ್ನಂಗ ನೀರು ಹೊರೂದಿಲ್ಲ ನಾ" ಎಂದಳು. ಅವಳಿಗೆ ಇರುವ ಮನಸ್ಸಿರಲಿಲ್ಲ. ಅವಳ ಮನೆಯಲ್ಲಿ ನಾಲ್ಕೇ ಜನ, ಮಲಗಿದರೆ ಏಳು ಎನ್ನುವವರಿಲ್ಲ. ಇದರಲ್ಲಿ ತಪ್ಪೇನು? ಏನೂ ಇಲ್ಲ.

ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಹೋದೆ. ಕಿಟಕಿಯಿಂದ ಕೈ ಹೊರಗೆ ಹಾಕಿ, "ಬಿಸಲಾಗ ನಿಂದ್ರಬ್ಯಾಡ, ಮನಿಗೆ ಹೋಗು" ಎಂದಳು. ಬಸ್ಸು ಹೊರಟಿತು. ನಾನು ಇರು ಎಂದಿದ್ದೆ, ಅವಳು ಕೇಳಿಸಿಕೊಂಡಿದ್ದಳು, ಆಗುವುದಿಲ್ಲ ಎಂದು ಹೋದಳು. ನನ್ನ ಅವ್ವನಿಗೆ ಅಷ್ಟೂ ಸಿಗಲಿಲ್ಲ.